ಕಾಂಬಿ ಬಾಯ್ಲರ್‌ನ ಡೈವರ್ಟರ್ ವಾಲ್ವ್: ಕೆಟ್ಟದ್ದು ಅದೇ ಹೌದೋ ಅಲ್ಲವೋ ಪತ್ತೆ ಹಚ್ಚಿ, ಸರಿಪಡಿಸಿಕೊಳ್ಳುವ ಬಗೆ

ಬ್ರಿಟನ್ನಿನಲ್ಲಿ ಮನೆ ಮಾಡಿಕೊಂಡಿರುವ ಕನ್ನಡಿಗರು ಚಳಿಗಾಲ ಶುರುವಾಗುತ್ತಿದ್ದಂತೆ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಹೀಟಿಂಗ್ ಹಾಕಿದ್ದರೆ ಮಾತ್ರ ನಲ್ಲಿಯಲ್ಲಿ ಬಿಸಿನೀರು ಬರುತ್ತದೆ, ಆರಿಸಿದರೆ ತಣ್ಣೀರು. ಏನು ಮಾಡಲಿ?" ಬೇಸಿಗೆಯಲ್ಲಿ ಇದೇ ಪ್ರಶ್ನೆ ತಿರುವುಮುರುವಾಗಿ ಬರುತ್ತದೆ: "ಪಾತ್ರೆ ತೊಳೆಯಲು ಬಿಸಿನೀರು ಬಿಟ್ಟರೆ ಮಲಗುವ ಕೋಣೆಯ ರೇಡಿಯೇಟರ್ ಕಾಯುತ್ತದೆ, ಅದೂ ಜುಲೈ ತಿಂಗಳಲ್ಲಿ!" ಇಂಥದ್ದನ್ನು ಯಾರಿಗೆ ಹೇಳಿದರೂ ಥಟ್ಟನೆ ಬರುವ ಉತ್ತರ "ಡೈವರ್ಟರ್ ವಾಲ್ವ್ ಹೋಗಿದೆ, ಬದಲಾಯಿಸಿ" ಎಂಬುದು. ಎಷ್ಟೋ ಸಲ ಅದು ಸರಿ. ಆದರೆ ಪರೀಕ್ಷೆ ಮಾಡದೆ ಹೇಳಿದ ಉತ್ತರಕ್ಕೆ ದುಡ್ಡು ತೆರುವವರು ನೀವು. ಹೊಸ ವಾಲ್ವ್ ಹಾಕಿಸಿದ ಮೇಲೂ ನೀರು ಉಗುರುಬೆಚ್ಚಗೇ ಬರುತ್ತಿದೆ ಎಂಬ ದೂರು ಅಪರೂಪವೇನಲ್ಲ.

ಆದ್ದರಿಂದ ಈ ಲೇಖನದ ಬಹುಪಾಲು ಪತ್ತೆಯ ಕೆಲಸಕ್ಕೇ ಮೀಸಲು. ಅದನ್ನು ಬಾಯ್ಲರ್‌ನ ಮುಚ್ಚಳ ತೆಗೆಯದೆ ನೀವೇ ಮಾಡಬಹುದು. ಮುಚ್ಚಳ ತೆಗೆದ ನಂತರದ ಕೆಲಸ ಗ್ಯಾಸ್ ಸೇಫ್ ನೋಂದಣಿ, ಅಂದರೆ ಗ್ಯಾಸ್ ಕೆಲಸಕ್ಕೆ ಅರ್ಹರಾದವರ ಅಧಿಕೃತ ಪಟ್ಟಿಯಲ್ಲಿ ಹೆಸರು, ಇರುವ ಎಂಜಿನಿಯರ್‌ದು. ಆತ ಏನು ಮಾಡುತ್ತಾನೆ, ನೀವು ಏನನ್ನು ಗಮನಿಸಬೇಕು ಎಂಬುದನ್ನೂ ಹೇಳಿದ್ದೇನೆ.

ಮೊದಲು ಯಂತ್ರ ಹೇಗೆ ನಡೆಯುತ್ತದೆ ಎಂದು ತಿಳಿಯೋಣ. ಕಾಂಬಿ ಬಾಯ್ಲರ್ ಊರಿನ ಗೀಸರಿನ ಹಾಗೆ ಬಿಸಿನೀರನ್ನು ಕೂಡಿಡುವುದಿಲ್ಲ. ಒಂದೇ ಗ್ಯಾಸ್ ಉರಿಯಿಂದ ಎರಡು ಕೆಲಸ ಮಾಡುತ್ತದೆ: ಕೋಣೆಗಳನ್ನು ಬೆಚ್ಚಗಿಡುವ ರೇಡಿಯೇಟರ್‌ಗಳನ್ನು ಕಾಯಿಸುವುದು, ನಲ್ಲಿ ತಿರುಗಿಸಿದಾಗ ಆ ಕ್ಷಣಕ್ಕೆ ನೀರು ಕಾಯಿಸಿಕೊಡುವುದು. ಉರಿ ನೇರವಾಗಿ ಕಾಯಿಸುವುದು ರೇಡಿಯೇಟರ್‌ನ ನೀರನ್ನು. ಅದು ಮುಚ್ಚಿದ ಸುತ್ತಿನಲ್ಲಿ ವರ್ಷಗಟ್ಟಲೆ ತಿರುಗುವ ಅದೇ ನೀರು. ನಲ್ಲಿಯ ನೀರು ಕಾಯುವುದು ಪ್ಲೇಟ್ ಹೀಟ್ ಎಕ್ಸ್‌ಚೇಂಜರ್ ಎಂಬ ಭಾಗದಲ್ಲಿ. ತೆಳುವಾದ ಸ್ಟೀಲ್ ತಗಡುಗಳನ್ನು ಒತ್ತೊತ್ತಾಗಿ ಜೋಡಿಸಿರುತ್ತಾರೆ; ತಗಡಿನ ಒಂದು ಬದಿಯಲ್ಲಿ ರೇಡಿಯೇಟರ್‌ನ ಬಿಸಿನೀರು, ಇನ್ನೊಂದು ಬದಿಯಲ್ಲಿ ನಲ್ಲಿಯ ತಣ್ಣೀರು. ಶಾಖ ದಾಟುತ್ತದೆ, ನೀರು ಬೆರೆಯುವುದಿಲ್ಲ.

ಕಾದ ನೀರು ರೇಡಿಯೇಟರ್ ಕಡೆಗೆ ಹೋಗಬೇಕೋ ಈ ತಗಡುಗಳ ಕಡೆಗೋ ಎಂದು ದಾರಿ ತಿರುಗಿಸುವುದೇ ಡೈವರ್ಟರ್ ವಾಲ್ವ್. ಕಾಲುವೆಯ ನೀರನ್ನು ಒಂದು ಗದ್ದೆಯಿಂದ ಇನ್ನೊಂದಕ್ಕೆ ಮಡೆ ತಿರುಗಿಸಿದ ಹಾಗೆ: ಒಂದು ಬಾಯಿ ಮುಚ್ಚಿದರೆ ಇನ್ನೊಂದು ತೆರೆಯುತ್ತದೆ. ನಲ್ಲಿಗೆ ಯಾವಾಗಲೂ ಮೊದಲ ಮಣೆ. ನೀವು ಸ್ನಾನಕ್ಕೆ ನಿಂತಷ್ಟು ಹೊತ್ತು ರೇಡಿಯೇಟರ್‌ಗಳು ತಮ್ಮ ಸರದಿ ಬರುವವರೆಗೆ ಸುಮ್ಮನಿರಬೇಕು.

ಈ ವಾಲ್ವ್‌ನಲ್ಲಿ ಎರಡು ಭಾಗಗಳಿವೆ. ನೀರಿನೊಳಗೆ ಕುಳಿತಿರುವ ಕಾರ್ಟ್ರಿಜ್, ಅಂದರೆ ಕಡ್ಡಿ, ಸ್ಪ್ರಿಂಗ್, ರಬ್ಬರ್ ಸೀಲುಗಳ ಜೋಡಣೆ ಒಂದು. ಹೊರಗಿನಿಂದ ಆ ಕಡ್ಡಿಯನ್ನು ತಳ್ಳುವ ಪುಟ್ಟ ಮೋಟಾರು ಇನ್ನೊಂದು. ಎರಡರಲ್ಲಿ ಯಾವುದು ಬೇಕಾದರೂ ಕೆಡಬಹುದು. ಹಳೆಯ ಮಾದರಿಗಳಲ್ಲಿ ಮೋಟಾರಿಲ್ಲ. ನಲ್ಲಿಯ ನೀರಿನ ಒತ್ತಡವೇ ಡಯಾಫ್ರಮ್ ಎಂಬ ರಬ್ಬರ್ ಪೊರೆಯನ್ನು ಉಬ್ಬಿಸಿ ಕಡ್ಡಿಯನ್ನು ತಳ್ಳುತ್ತದೆ, ಕಡ್ಡಿ ಹೋಗಿ ಒಂದು ಚಿಕ್ಕ ಸ್ವಿಚ್ ಒತ್ತುತ್ತದೆ. ಪೊರೆ ಹರಿದರೆ ನಲ್ಲಿ ಬಿಟ್ಟ ವಿಷಯವೇ ಬಾಯ್ಲರ್‌ಗೆ ತಿಳಿಯುವುದಿಲ್ಲ.

ಬೇಕಾಗುವ ಸಾಮಾನು: ಒಂದು ಲೀಟರ್ ಅಳತೆಯ ಜಗ್, ಗಡಿಯಾರ, ಟಾರ್ಚ್, ಬಾಯ್ಲರ್‌ನ ಜೊತೆ ಬಂದ ಕೈಪಿಡಿ. ಕೈಪಿಡಿ ಕಳೆದುಹೋಗಿದ್ದರೆ ಮಾದರಿಯ ಹೆಸರು ಹಾಕಿ ಹುಡುಕಿ, ತಯಾರಕರ ಜಾಲತಾಣದಲ್ಲಿ ಸಿಗುತ್ತದೆ.

1. ಮನೆ ಯಾರದ್ದು, ವಾರಂಟಿ ಇದೆಯೇ?

ಬಾಡಿಗೆ ಮನೆಯಾದರೆ ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳಬೇಡಿ. ಇಂಗ್ಲೆಂಡಿನಲ್ಲಿ 1985ರ ಮಾಲೀಕ-ಬಾಡಿಗೆದಾರ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಕೋಣೆ ಮತ್ತು ನೀರು ಕಾಯಿಸುವ ವ್ಯವಸ್ಥೆಯನ್ನು ಸುಸ್ಥಿತಿಯಲ್ಲಿ ಇಡುವುದು ಮನೆ ಮಾಲೀಕರ ಹೊಣೆ. ದೂರನ್ನು ಇಮೇಲ್‌ನಲ್ಲಿ ಬರೆಯಿರಿ, ಬಾಯಿಮಾತಿಗೆ ದಾಖಲೆ ಇರುವುದಿಲ್ಲ. ಕೆಳಗಿನ ಪರೀಕ್ಷೆಗಳ ಫಲಿತಾಂಶವನ್ನೂ ಅದರಲ್ಲಿ ಸೇರಿಸಿದರೆ "ಬಂದು ನೋಡಿ ಹೋಗುವ" ಒಂದು ಸುತ್ತು ಉಳಿತಾಯವಾಗುತ್ತದೆ.

ಸ್ವಂತ ಮನೆಯಾದರೆ ವಾರಂಟಿ ನೋಡಿ. ಹೊಸ ಬಾಯ್ಲರ್‌ಗಳಿಗೆ ಹಲವು ವರ್ಷಗಳ ವಾರಂಟಿ ಇರುತ್ತದೆ, ಆದರೆ ಪ್ರತಿವರ್ಷ ಸರ್ವಿಸ್ ಮಾಡಿಸಿದ ದಾಖಲೆ ಇದ್ದರೆ ಮಾತ್ರ ಅದು ನಡೆಯುತ್ತದೆ. ವಾರಂಟಿ ಇರುವಾಗ ಹೊರಗಿನವರಿಂದ ಬಿಚ್ಚಿಸಿದರೆ ತಯಾರಕರು ಕೈತೊಳೆದುಕೊಳ್ಳುವ ಸಂಭವವಿದೆ.

2. ಸುಲಭದ ಕಾರಣಗಳನ್ನು ಮೊದಲು ತಳ್ಳಿಹಾಕಿ

ಒತ್ತಡದ ಮುಳ್ಳು ನೋಡಿ. ರೇಡಿಯೇಟರ್ ತಣ್ಣಗಿರುವಾಗ ಅದು 1ರಿಂದ 1.5 ಬಾರ್ ನಡುವೆ ಇರಬೇಕು. ತೀರಾ ಕಡಿಮೆಯಾದರೆ ಬಹಳಷ್ಟು ಮಾದರಿಗಳು ಹೊತ್ತಿಕೊಳ್ಳುವುದೇ ಇಲ್ಲ, ಪರದೆಯ ಮೇಲೆ ಸಂಕೇತ ತೋರಿಸುತ್ತವೆ: ವೈಲಂಟ್ ಆದರೆ ಎಫ್22, ಐಡಿಯಲ್ ಲಾಜಿಕ್ ಆದರೆ ಎಫ್1. ಕೆಳಗಿರುವ ಫಿಲ್ಲಿಂಗ್ ಲೂಪ್‌ನಿಂದ, ಅಂದರೆ ಬೀದಿಯ ನೀರನ್ನು ರೇಡಿಯೇಟರ್ ಸುತ್ತಿಗೆ ತುಂಬಿಸುವ ಚಿಕ್ಕ ಕೊಂಡಿಯಿಂದ, ನಿಧಾನವಾಗಿ ತುಂಬಿಸಿ ಮತ್ತೆ ಭದ್ರವಾಗಿ ಮುಚ್ಚಿ. ಡೈವರ್ಟರ್ ವಾಲ್ವ್ ಕೆಟ್ಟಾಗ ಬಹುತೇಕ ಯಾವ ಸಂಕೇತವೂ ಬರುವುದಿಲ್ಲ ಎಂಬುದು ನೆನಪಿರಲಿ. ಪರದೆ ಸುಮ್ಮನಿದೆ ಎಂದ ಮಾತ್ರಕ್ಕೆ ಯಂತ್ರ ಸರಿಯಿದೆ ಎಂದಲ್ಲ.

ಬಾಯ್ಲರ್ ಮೇಲೆ ಎರಡು ಗುಂಡಿಗಳಿರುತ್ತವೆ, ಒಂದರಲ್ಲಿ ರೇಡಿಯೇಟರ್ ಚಿತ್ರ, ಇನ್ನೊಂದರಲ್ಲಿ ನಲ್ಲಿಯ ಚಿತ್ರ. ಯಾರೋ ಒರೆಸುವಾಗ ನಲ್ಲಿಯ ಗುಂಡಿಯನ್ನು ಕೆಳಗೆ ತಿರುಗಿಸಿರಬಹುದು. ನಗಬೇಡಿ, ಇದು ಆಗುತ್ತದೆ.

ಹೊರಗೆ ಕಡುಚಳಿಯಿದ್ದು ಬಾಯ್ಲರ್ ಗೊಳಗೊಳ ಸದ್ದು ಮಾಡಿ ನಿಂತುಹೋದರೆ, ಅದರಿಂದ ತೊಟ್ಟಿಕ್ಕುವ ನೀರನ್ನು ಹೊರಗೆ ಒಯ್ಯುವ ಪ್ಲಾಸ್ಟಿಕ್ ಪೈಪು ಹೆಪ್ಪುಗಟ್ಟಿರಬಹುದು. ಪೈಪಿನ ಹೊರಮೈ ಮೇಲೆ ಬೆಚ್ಚಗಿನ ನೀರು ಸುರಿಯಿರಿ, ಕುದಿಯುವ ನೀರು ಬೇಡ.

ಇನ್ನೊಂದು ಲೆಕ್ಕವನ್ನು ಹಲವರು ಮಾಡುವುದೇ ಇಲ್ಲ. 24 ಕಿಲೋವಾಟ್‌ನ ಬಾಯ್ಲರ್ ನಿಮಿಷಕ್ಕೆ ಸುಮಾರು 10 ಲೀಟರ್ ನೀರನ್ನು 35 ಡಿಗ್ರಿಯಷ್ಟು ಮಾತ್ರ ಏರಿಸಬಲ್ಲದು. ಚಳಿಗಾಲದಲ್ಲಿ ಬೀದಿಯಿಂದ 6 ಡಿಗ್ರಿಯ ನೀರು ಬಂದರೆ ನಲ್ಲಿಯಲ್ಲಿ 41 ಸಿಗುತ್ತದೆ. ನಲ್ಲಿ ಪೂರ್ತಿ ತಿರುಗಿಸಿ ನಿಮಿಷಕ್ಕೆ 14 ಲೀಟರ್ ಸುರಿಸಿದರೆ ಏರಿಕೆ 24 ಡಿಗ್ರಿಗೆ ಇಳಿಯುತ್ತದೆ, ಕೈಗೆ ಬರುವುದು 30 ಡಿಗ್ರಿಯ ನೀರು. ಏನೂ ಕೆಟ್ಟಿಲ್ಲ, ಲೆಕ್ಕವೇ ಹಾಗಿದೆ. ಜಗ್ ಹಿಡಿದು ನೋಡಿ: ಒಂದು ಲೀಟರ್ ತುಂಬಲು 6 ಸೆಕೆಂಡು ಹಿಡಿದರೆ ನಿಮಿಷಕ್ಕೆ 10 ಲೀಟರ್, 4 ಸೆಕೆಂಡಾದರೆ 15. ನಲ್ಲಿಯನ್ನು ಸ್ವಲ್ಪ ಬಿಗಿ ಮಾಡಿದಾಗ ನೀರು ಚೆನ್ನಾಗಿ ಕಾದರೆ ಇಲ್ಲಿಗೆ ನಿಲ್ಲಿಸಿ, ಯಾರನ್ನೂ ಕರೆಯಬೇಕಾಗಿಲ್ಲ.

3. ಕೆಳಗಿನ ಪೈಪುಗಳನ್ನು ಗುರುತಿಸಿ

ಬಾಯ್ಲರ್‌ನ ಅಡಿಯಲ್ಲಿ ಸಾಮಾನ್ಯವಾಗಿ ಐದು ತಾಮ್ರದ ಪೈಪುಗಳು ಸಾಲಾಗಿ ಇಳಿದಿರುತ್ತವೆ. ಬಹಳಷ್ಟು ಮಾದರಿಗಳಲ್ಲಿ ಎಡದಿಂದ ಬಲಕ್ಕೆ ಕ್ರಮ ಹೀಗೆ: ರೇಡಿಯೇಟರ್‌ಗೆ ಹೋಗುವ ಪೈಪು, ನಲ್ಲಿಗೆ ಹೋಗುವ ಬಿಸಿನೀರು, ಗ್ಯಾಸ್, ಬೀದಿಯ ತಣ್ಣೀರು, ರೇಡಿಯೇಟರ್‌ನಿಂದ ಮರಳುವ ಪೈಪು. ಕ್ರಮ ಬೇರೆ ಇರುವ ಮಾದರಿಗಳೂ ಇವೆ, ಆದ್ದರಿಂದ ಕೈಪಿಡಿಯ ಚಿತ್ರದೊಡನೆ ತಾಳೆ ನೋಡಿ. ಪೆನ್ಸಿಲಿನಲ್ಲಿ ಚೀಟಿ ಬರೆದು ಅಂಟಿಸಿದರೆ ಮುಂದೆ ಗೊಂದಲವಾಗುವುದಿಲ್ಲ. ಗ್ಯಾಸ್ ಪೈಪಿನ ನಟ್ಟು, ಕೀಲಿಗಳನ್ನು ಮುಟ್ಟಬೇಡಿ.

4. ನಲ್ಲಿಯ ಪರೀಕ್ಷೆ

ಎಲ್ಲಕ್ಕಿಂತ ಮುಖ್ಯವಾದ ಹಂತ ಇದು. ಆತುರ ಮಾಡಿದರೆ ತಪ್ಪು ಉತ್ತರ ಬರುತ್ತದೆ.

ಹೀಟಿಂಗ್ ಪೂರ್ತಿ ಆರಿಸಿ, ಥರ್ಮೋಸ್ಟಾಟ್ ಕೆಳಗಿಳಿಸಿ. ರೇಡಿಯೇಟರ್‌ಗಳು, ಅಡಿಯ ಪೈಪುಗಳು ತಣ್ಣಗಾಗುವವರೆಗೆ ಕಾಯಿರಿ. ಎರಡು ಮೂರು ಗಂಟೆ ಹಿಡಿಯುತ್ತದೆ. ಹೀಟಿಂಗ್ ಆರಿಸಿದ ಮೇಲೂ ಪಂಪು ಸ್ವಲ್ಪ ಹೊತ್ತು ಓಡುತ್ತಿರುತ್ತದೆ, ಆಗಲೇ ಮುಟ್ಟಿ ನೋಡಿ ನಿರ್ಧರಿಸುವುದು ಎಲ್ಲರೂ ಮಾಡುವ ತಪ್ಪು. ನೀರನ್ನು ಮುಂಚಿತವಾಗಿ ಬೆಚ್ಚಗಿಡುವ ಸೌಲಭ್ಯ ನಿಮ್ಮ ಮಾದರಿಯಲ್ಲಿದ್ದರೆ ಅದನ್ನೂ ಆರಿಸಿ. ಇಲ್ಲದಿದ್ದರೆ ನಲ್ಲಿ ಬಿಡದೆಯೇ ಬಾಯ್ಲರ್ ಆಗಾಗ ತಾನಾಗಿ ಹೊತ್ತಿಕೊಂಡು ನಿಮ್ಮನ್ನು ದಾರಿ ತಪ್ಪಿಸುತ್ತದೆ.

ಈಗ ಅಡುಗೆಮನೆಯ ಬಿಸಿನೀರಿನ ನಲ್ಲಿಯನ್ನು ನಿಮಿಷಕ್ಕೆ 8–10 ಲೀಟರ್ ಬರುವಂತೆ ತಿರುಗಿಸಿ, ಐದು ನಿಮಿಷ ಬಿಡಿ. ಮೂರು ವಿಷಯ ಗಮನಿಸಿ: ಉರಿ ಹೊತ್ತಿತೇ (ಪರದೆಯ ಮೇಲೆ ಜ್ವಾಲೆಯ ಗುರುತು ಬರುತ್ತದೆ, ಫ್ಯಾನಿನ ಸದ್ದು ಏರುತ್ತದೆ), ನಲ್ಲಿಯ ನೀರು ಎಷ್ಟು ಬಿಸಿಯಾಯಿತು, ರೇಡಿಯೇಟರ್‌ಗೆ ಹೋಗುವ ಪೈಪು ಕಾಯಿತೇ.

ಆ ಪೈಪನ್ನು ಬಾಯ್ಲರ್‌ನ ಬುಡದಲ್ಲೇ ಮುಟ್ಟಬೇಡಿ. ಒಳಗಿನ ಶಾಖ ತಾಮ್ರದಲ್ಲಿ ಹರಿದು ಬಂದು ಮೊದಲ ಒಂದು ಗೇಣು ಹೇಗೂ ಬೆಚ್ಚಗಿರುತ್ತದೆ. ಸುಮಾರು 30 ಸೆಂಟಿಮೀಟರ್ ಕೆಳಗೆ ಮುಟ್ಟಿ. ಹಿಡಿಯಬೇಡಿ, ಬೆರಳಿನ ಹಿಂಬದಿಯಿಂದ ತಟ್ಟಿ ನೋಡಿ; ವಾಲ್ವ್ ಕೆಟ್ಟಿದ್ದರೆ ಅದು 60–70 ಡಿಗ್ರಿ ಮುಟ್ಟಿರುತ್ತದೆ, ಚರ್ಮ ಸುಡುತ್ತದೆ. ಕಿರಣದಿಂದ ಅಳೆಯುವ ಥರ್ಮಾಮೀಟರ್ ಇದ್ದರೆ ಒಳ್ಳೆಯದು, ಆದರೆ ಹೊಳೆಯುವ ತಾಮ್ರದ ಮೇಲೆ ಅದು ಸುಳ್ಳು ಅಂಕಿ ಕೊಡುತ್ತದೆ. ಪೈಪಿಗೆ ಒಂದು ಸುತ್ತು ಕಪ್ಪು ಇನ್ಸುಲೇಷನ್ ಟೇಪ್ ಹಚ್ಚಿ ಅದರ ಮೇಲೆ ಅಳೆಯಿರಿ.

5. ಹೀಟಿಂಗ್‌ನ ಪರೀಕ್ಷೆ

ನಲ್ಲಿ ನಿಲ್ಲಿಸಿ, ಥರ್ಮೋಸ್ಟಾಟ್ ಏರಿಸಿ. ಹತ್ತು ನಿಮಿಷದೊಳಗೆ ರೇಡಿಯೇಟರ್ ಪೈಪು ಕಾಯಬೇಕು. ಉರಿ ಹೊತ್ತಿ ಸ್ವಲ್ಪದರಲ್ಲೇ ಆರುತ್ತಿದ್ದು, ಪೈಪು ತಣ್ಣಗೇ ಇದ್ದರೆ ವಾಲ್ವ್ ನಲ್ಲಿಯ ಕಡೆಗೆ ಅಂಟಿಕೊಂಡಿರುವ ಸಾಧ್ಯತೆ ಹೆಚ್ಚು: ನಲ್ಲಿ ಮುಚ್ಚಿರುವುದರಿಂದ ಶಾಖಕ್ಕೆ ಹೋಗಲು ದಾರಿಯಿಲ್ಲ, ನೀರು ಅತಿಯಾಗಿ ಕಾದು ಬಾಯ್ಲರ್ ತಾನೇ ಆರಿಸಿಕೊಳ್ಳುತ್ತದೆ.

ಹೀಟಿಂಗ್ ನಡೆಯುತ್ತಿರುವಾಗ ಇನ್ನೊಬ್ಬರಿಗೆ ನಲ್ಲಿ ಬಿಡಲು ಹೇಳಿ ನೀವು ಬಾಯ್ಲರ್‌ಗೆ ಕಿವಿಗೊಡಿ. ಮೋಟಾರು ಇರುವ ಮಾದರಿಯಾದರೆ ಕೆಲವು ಸೆಕೆಂಡು ಸಣ್ಣಗೆ "ಗುರ್ರ್" ಎಂಬ ಸದ್ದು ಬಂದು ನಿಲ್ಲುತ್ತದೆ. ಸದ್ದೇ ಬರದಿದ್ದರೆ ಮೋಟಾರಿನ ಮೇಲೆ, ಸದ್ದು ಬಂದೂ ದಾರಿ ತಿರುಗದಿದ್ದರೆ ಕಾರ್ಟ್ರಿಜ್ ಮೇಲೆ ಅನುಮಾನ ಪಡಿ. ಇದು ಸುಳಿವು ಅಷ್ಟೇ, ತೀರ್ಪಲ್ಲ.

6. ಸುಳಿವುಗಳನ್ನು ಜೋಡಿಸಿ

ನಲ್ಲಿ ಬಿಟ್ಟಾಗ ಉರಿ ಹೊತ್ತಿತು, ನೀರು ಉಗುರುಬೆಚ್ಚಗೆ, ರೇಡಿಯೇಟರ್ ಪೈಪು ಸುಡುತ್ತಿದೆ: ವಾಲ್ವ್ ನಡುವೆ ಸಿಕ್ಕಿಕೊಂಡು ಎರಡೂ ಕಡೆಗೆ ನೀರು ಹಂಚುತ್ತಿದೆ. ಡೈವರ್ಟರ್ ವಾಲ್ವ್‌ನ ತಪ್ಪು ಎನ್ನಲು ಇದಕ್ಕಿಂತ ಸ್ಪಷ್ಟ ಗುರುತು ಬೇಡ. ಬೇಸಿಗೆಯಲ್ಲಿ ರೇಡಿಯೇಟರ್ ಕಾಯುವುದೂ ಇದರಿಂದಲೇ.

ನಲ್ಲಿ ಬಿಟ್ಟಾಗ ಉರಿಯೇ ಹೊತ್ತಲಿಲ್ಲ, ಹೀಟಿಂಗ್ ಹಾಕಿದರೆ ಮಾತ್ರ ಹೊತ್ತುತ್ತದೆ: ನಲ್ಲಿ ಬಿಟ್ಟ ಸುದ್ದಿ ಬಾಯ್ಲರ್‌ಗೆ ಮುಟ್ಟುತ್ತಿಲ್ಲ. ಹೊಸ ಮಾದರಿಯಲ್ಲಿ ನೀರಿನ ಹರಿವನ್ನು ಗುರುತಿಸುವ ಪುಟ್ಟ ಚಕ್ರ, ಅಂದರೆ ಫ್ಲೋ ಸೆನ್ಸರ್, ಅಥವಾ ಅದರ ಮುಂದಿನ ಜಾಲರಿ ಕಟ್ಟಿಕೊಂಡಿರಬಹುದು. ಹಳೆಯ ಮಾದರಿಯಲ್ಲಿ ಮೇಲೆ ಹೇಳಿದ ರಬ್ಬರ್ ಪೊರೆ ಹರಿದಿರಬಹುದು. ಪೂರ್ತಿ ವಾಲ್ವ್ ಬದಲಾಯಿಸಿ ದುಡ್ಡು ಕಳೆದುಕೊಳ್ಳುವವರು ಹೆಚ್ಚಾಗಿ ಇಲ್ಲಿಯೇ ಸಿಕ್ಕಿಬೀಳುತ್ತಾರೆ.

ಉರಿ ಹೊತ್ತಿತು, ರೇಡಿಯೇಟರ್ ಪೈಪು ತಣ್ಣಗಿದೆ, ಆದರೂ ನೀರು ಸರಿಯಾಗಿ ಕಾಯುತ್ತಿಲ್ಲ, ಅಥವಾ ಒಮ್ಮೆ ಬಿಸಿ ಒಮ್ಮೆ ತಣ್ಣಗೆ ಬರುತ್ತಿದೆ: ವಾಲ್ವ್ ತನ್ನ ಕೆಲಸ ಮಾಡುತ್ತಿದೆ. ತಗಡುಗಳ ಮೇಲೆ ಸುಣ್ಣ ಕಟ್ಟಿರಬಹುದು, ಇಲ್ಲವೇ ಶಾಖ ಅಳೆಯುವ ಸೆನ್ಸರ್ ಕೆಟ್ಟಿರಬಹುದು. ಲಂಡನ್, ಕೆಂಟ್, ಎಸೆಕ್ಸ್, ಕೇಂಬ್ರಿಜ್ ಕಡೆಯ ನೀರು ಗಡಸು. ಬೆಂಗಳೂರಿನ ಬೋರ್‌ವೆಲ್ ನೀರಿನಲ್ಲಿ ಗೀಸರ್ ಇಟ್ಟುಕೊಂಡಿದ್ದವರಿಗೆ ಈ ಬಿಳಿ ಹೆಕ್ಕಳೆ ಹೊಸದಲ್ಲ. ಮ್ಯಾಂಚೆಸ್ಟರ್, ಗ್ಲಾಸ್ಗೋ ಕಡೆಯವರು ಸುಣ್ಣದ ಬಗ್ಗೆ ಅಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ.

7. ಎಂಜಿನಿಯರ್‌ನನ್ನು ಕರೆಸುವಾಗ

"ವಾಲ್ವ್ ನೀರಿನ ಭಾಗ ತಾನೇ, ಗ್ಯಾಸಿಗೂ ಅದಕ್ಕೂ ಏನು ಸಂಬಂಧ, ನಾನೇ ಬಿಚ್ಚುತ್ತೇನೆ" ಎನ್ನುವವರಿದ್ದಾರೆ. ತೊಂದರೆ ಮುಚ್ಚಳದಲ್ಲಿದೆ. ಎಷ್ಟೋ ಬಾಯ್ಲರ್‌ಗಳಲ್ಲಿ ಮುಂದಿನ ಮುಚ್ಚಳ ಬರಿಯ ಅಲಂಕಾರವಲ್ಲ. ಉರಿಯುವ ಕೋಣೆಯ ಗಾಳಿ ಮನೆಯೊಳಗೆ ಬರದಂತೆ ತಡೆಯುವ ಬಿಗಿ ಅದೇ. ಅದರ ಸೀಲು ಸರಿಯಾಗಿ ಕೂರದಿದ್ದರೆ ಕಾರ್ಬನ್ ಮಾನಾಕ್ಸೈಡ್ ಒಳಗೆ ಸೇರಬಹುದು, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಗ್ಯಾಸ್ ಉಪಕರಣದ ಕೆಲಸವನ್ನು ಅರ್ಹರೇ ಮಾಡಬೇಕೆಂದು 1998ರ ಗ್ಯಾಸ್ ಸುರಕ್ಷತಾ ನಿಯಮಗಳು ಹೇಳುತ್ತವೆ. ಹಣ ಪಡೆದು ಮಾಡುವವರು ಗ್ಯಾಸ್ ಸೇಫ್ ರಿಜಿಸ್ಟರಿನಲ್ಲಿ ಇರಲೇಬೇಕು. 2009ರ ಏಪ್ರಿಲ್‌ವರೆಗೆ ಈ ಕೆಲಸ ಕಾರ್ಗಿ ನೋಂದಣಿಯದ್ದಾಗಿತ್ತು; ಈಗಲೂ ಆ ಹೆಸರು ಹೇಳಿಕೊಂಡು ಬರುವವರ ಕಾರ್ಡನ್ನು ಎರಡು ಸಲ ನೋಡಿ. ಕಾರ್ಡಿನ ಮುಂದೆ ಭಾವಚಿತ್ರ, ಸಂಖ್ಯೆ, ಅವಧಿ ಇರುತ್ತವೆ; ಯಾವ ಯಾವ ಕೆಲಸಕ್ಕೆ ಅರ್ಹತೆ ಇದೆ ಎಂಬುದು ಹಿಂಬದಿಯಲ್ಲಿರುತ್ತದೆ. ಹಿಂಬದಿ ನೋಡುವುದನ್ನು ಮರೆಯಬೇಡಿ.

ಫೋನಿನಲ್ಲಿ "ಡೈವರ್ಟರ್ ವಾಲ್ವ್ ಬದಲಾಯಿಸಬೇಕು" ಎನ್ನಬೇಡಿ. ಹಾಗೆಂದರೆ ಅದನ್ನೇ ಬದಲಾಯಿಸಿ ಹೋಗುತ್ತಾರೆ. ಮಾದರಿಯ ಹೆಸರು, ವಯಸ್ಸು, ನಾಲ್ಕು ಮತ್ತು ಐದನೇ ಹಂತದಲ್ಲಿ ಕಂಡದ್ದು, ಇಷ್ಟನ್ನು ಹೇಳಿ. ಬಂದ ಮೇಲೆ ಕೇಳಬೇಕಾದ ಪ್ರಶ್ನೆ ಒಂದೇ: "ಕೆಟ್ಟಿರುವುದು ಮೋಟಾರೋ ಕಾರ್ಟ್ರಿಜ್ಜೋ, ಹೇಗೆ ಗೊತ್ತಾಯಿತು?" ಮೋಟಾರು ಮಾತ್ರ ಕೆಟ್ಟಿದ್ದರೆ ಸಾಮಾನ್ಯವಾಗಿ ನೀರು ಬಸಿಯುವ ಅಗತ್ಯವಿಲ್ಲ, ಕೆಲಸ ಬೇಗ ಮುಗಿಯುತ್ತದೆ. ಕೆಲವು ಮಾದರಿಗಳಲ್ಲಿ ಕಾರ್ಟ್ರಿಜ್ ಬಿಡಿಯಾಗಿ ಸಿಗುತ್ತದೆ, ಕೆಲವಲ್ಲಿ ಇಡೀ ಜೋಡಣೆಯನ್ನೇ ಕೊಳ್ಳಬೇಕು. ಬೆಲೆ ಕೇಳುವಾಗ 20 ಶೇಕಡ ವ್ಯಾಟ್ ಸೇರಿದೆಯೇ ಎಂದೂ ಕೇಳಿ.

8. ರಿಪೇರಿ ನಡೆಯುವ ರೀತಿ

ಮೊದಲು ಗೋಡೆಯ ಫ್ಯೂಸ್ ಸ್ವಿಚ್ಚಿನಲ್ಲಿ ವಿದ್ಯುತ್ ಕಡಿತ. ಒಳಗೆ 230 ವೋಲ್ಟ್ ಇದೆ. ಮುಚ್ಚಳ ತೆಗೆದು, ಕ್ಲಿಪ್ ಎಳೆದು ಮೋಟಾರನ್ನು ಬಿಡಿಸುತ್ತಾರೆ. ಈಗ ಕಡ್ಡಿಯ ತುದಿ ಕಾಣುತ್ತದೆ. ಅದನ್ನು ಒತ್ತಿದರೆ ಒಳಗೆ ಹೋಗಬೇಕು, ಬಿಟ್ಟರೆ ಸ್ಪ್ರಿಂಗ್ ಬಲದಿಂದ ಹೊರಬರಬೇಕು. ಹಾಗಾದರೆ ತಪ್ಪು ಮೋಟಾರಿನದೋ ಅದಕ್ಕೆ ಬರುವ ವಿದ್ಯುತ್ತಿನದೋ ಎಂದು ಮೀಟರ್ ಹಿಡಿದು ನೋಡುತ್ತಾರೆ. ಕಡ್ಡಿ ಅಲುಗದಿದ್ದರೆ, ಒಳಗೆ ಹೋಗಿ ಅಲ್ಲೇ ಉಳಿದರೆ ಕಾರ್ಟ್ರಿಜ್ ಹೋಗಿದೆ. ವಾಲ್ವ್ ಮೇಲೆ ಸ್ಪ್ಯಾನರಿನಲ್ಲಿ ಎರಡೇಟು ಹಾಕಿ "ಸರಿಹೋಯಿತು" ಎಂದು ಹೊರಡುವವರಿಗೆ ದುಡ್ಡು ಕೊಡಬೇಡಿ. ಅಂಟಿದ ಕಡ್ಡಿ ಆ ಪೆಟ್ಟಿಗೆ ಬಿಡಿಸಿಕೊಳ್ಳುವುದು ನಿಜ, ಮತ್ತೆ ಅಂಟುವುದೂ ಅಷ್ಟೇ ನಿಜ.

ಕಾರ್ಟ್ರಿಜ್ ತೆಗೆಯಬೇಕಾದರೆ ಅಡಿಯ ಪೈಪುಗಳ ವಾಲ್ವ್‌ಗಳನ್ನು ಮುಚ್ಚಿ, ಬಾಯ್ಲರ್‌ನೊಳಗಿನ ನೀರನ್ನು ಬಸಿಯುತ್ತಾರೆ. ಹಳೆಯ ಮನೆಗಳಲ್ಲಿ ಆ ವಾಲ್ವ್‌ಗಳೇ ಪೂರ್ತಿ ಮುಚ್ಚುವುದಿಲ್ಲ. ಆಗ ಇಡೀ ಸುತ್ತಿನ ನೀರು ಬಸಿಯಬೇಕು, ಸಮಯವೂ ಕೂಲಿಯೂ ಏರುತ್ತದೆ. ಇದನ್ನು ಮೊದಲೇ ವಿಚಾರಿಸಿ. ಬಹಳ ಮಾದರಿಗಳಲ್ಲಿ ಎಲೆಕ್ಟ್ರಾನಿಕ್ ಬೋರ್ಡು ಇರುವುದು ಕೆಳಗೆ, ನೀರು ತೊಟ್ಟಿಕ್ಕುವ ಜಾಗದಲ್ಲೇ. ಅದರ ಮೇಲೆ ಪ್ಲಾಸ್ಟಿಕ್ ಹೊದಿಸಿದರೇ ಎಂದು ನೋಡಿ. ವಾಲ್ವ್‌ಗಿಂತ ಆ ಬೋರ್ಡು ದುಬಾರಿ.

ಹೊಸ ಕಾರ್ಟ್ರಿಜ್ ಕೂರಿಸುವಾಗ ಓ-ರಿಂಗ್, ಅಂದರೆ ರಬ್ಬರ್ ಬಳೆಗಳೂ ಹೊಸದಾಗಿರಬೇಕು. ಅವಕ್ಕೆ ಸಿಲಿಕೋನ್ ಗ್ರೀಸ್ ಮಾತ್ರ ಹಚ್ಚಬೇಕು. ಪೆಟ್ರೋಲಿಯಂ ಗ್ರೀಸ್ ತಗುಲಿದರೆ ಈ ರಬ್ಬರ್ ಉಬ್ಬಿ ಕೆಡುತ್ತದೆ. ಆಮೇಲೆ ನೀರು ತುಂಬಿಸಿ, ರೇಡಿಯೇಟರ್‌ಗಳ ಗಾಳಿ ಬಿಟ್ಟು, ಮುಳ್ಳನ್ನು ಮತ್ತೆ 1–1.5 ಬಾರ್‌ಗೆ ತರುತ್ತಾರೆ. ಎಂಜಿನಿಯರ್ ಮನೆ ಬಿಡುವ ಮುಂಚೆ ನಾಲ್ಕನೇ ಹಂತದ ಪರೀಕ್ಷೆಯನ್ನು ಅವರ ಎದುರಿಗೇ ಮಾಡಿ.

ಕಿತ್ತ ಹಳೆಯ ಭಾಗವನ್ನು ಕೇಳಿ ಪಡೆದುಕೊಳ್ಳಿ. ಅದರ ಮೇಲೆ ಕಪ್ಪು ಕೆಸರು ಮೆತ್ತಿದ್ದರೆ ಫ್ರಿಜ್ಜಿನ ಮೇಲಿನ ಅಯಸ್ಕಾಂತ ತಂದು ಹತ್ತಿರ ಹಿಡಿದು ನೋಡಿ, ಕೆಸರು ಎದ್ದು ಅಂಟಿಕೊಳ್ಳುತ್ತದೆ. ಅದು ಮ್ಯಾಗ್ನಟೈಟ್: ರೇಡಿಯೇಟರ್‌ನ ಒಳಗೋಡೆಯ ಕಬ್ಬಿಣವೇ ತುಕ್ಕಾಗಿ ನೀರಿನಲ್ಲಿ ತಿರುಗುತ್ತಿರುವುದು. ಕಡ್ಡಿಯನ್ನು ಬಿಗಿಸುವುದು, ಸೀಲನ್ನು ಉಜ್ಜಿ ಸವೆಸುವುದು ಅದೇ.

9. ನೀರನ್ನು ಸರಿಪಡಿಸಿ

ಈ ಹಂತ ಬಿಟ್ಟರೆ ಹೊಸ ವಾಲ್ವ್ ಕೂಡ ಹಳೆಯದರ ದಾರಿ ಹಿಡಿಯುತ್ತದೆ. ಗಾಳಿ ಬಿಡುವಾಗ ರೇಡಿಯೇಟರ್‌ನಿಂದ ಬರುವ ನೀರನ್ನು ಬಿಳಿ ಬಟ್ಟಲಿನಲ್ಲಿ ಹಿಡಿದು ನೋಡಿ. ಕಪ್ಪಾಗಿದ್ದರೆ ಸುತ್ತನ್ನು ತೊಳೆಸಬೇಕು. ತೊಳೆದ ಮೇಲೆ ತುಕ್ಕು ತಡೆಯುವ ದ್ರಾವಣವನ್ನು, ಇಲ್ಲಿ ಇನ್‌ಹಿಬಿಟರ್ ಎನ್ನುತ್ತಾರೆ, ಸರಿಯಾದ ಪ್ರಮಾಣದಲ್ಲಿ ಹಾಕಿಸಿ. ಫರ್ನಾಕ್ಸ್, ಸೆಂಟಿನೆಲ್ ಹೆಸರಿನವು ಎಲ್ಲ ಅಂಗಡಿಗಳಲ್ಲೂ ಸಿಗುತ್ತವೆ. ನೀರು ಬಸಿದಾಗಲೆಲ್ಲ ಈ ದ್ರಾವಣವೂ ಹೋಗಿರುತ್ತದೆ, ಮತ್ತೆ ಹಾಕಲು ಮರೆಯುವುದು ಬಲು ಸಾಮಾನ್ಯ. ಮರಳುವ ಪೈಪಿನಲ್ಲಿ ಅಯಸ್ಕಾಂತದ ಫಿಲ್ಟರ್ ಇಲ್ಲದಿದ್ದರೆ ಇದೇ ಸಮಯದಲ್ಲಿ ಕೂರಿಸಿ. 2019ರ ಬ್ರಿಟಿಷ್ ಮಾನಕ ಬಿಎಸ್ 7593 ಕೂಡ ಫಿಲ್ಟರ್ ಇರಬೇಕೆನ್ನುತ್ತದೆ. ವರ್ಷದ ಸರ್ವಿಸ್‌ನಲ್ಲಿ ಅದನ್ನು ಬಿಚ್ಚಿ ತೊಳೆಯಬೇಕು, ಹಲವರು ತೊಳೆಯುವುದಿಲ್ಲ. ಕೇಳಿ ಮಾಡಿಸಿಕೊಳ್ಳಿ.

ಎಷ್ಟು ಹಳೆಯ ಬಾಯ್ಲರ್‌ಗೆ ಈ ಖರ್ಚು ಮಾಡಬಹುದು? 2005ರ ಏಪ್ರಿಲ್‌ಗಿಂತ ಹಿಂದಿನ, ಹೊಗೆಯ ಶಾಖವನ್ನು ಮರಳಿ ಹಿಡಿಯದ ಹಳೆಯ ಬಗೆಯದಾದರೆ ವಾಲ್ವ್‌ಗೆ ದುಡ್ಡು ಸುರಿಯಬೇಡಿ ಎಂಬುದು ನನ್ನ ಅಭಿಪ್ರಾಯ. ಬಿಡಿಭಾಗ ಸಿಗುವುದೇ ಕಷ್ಟ, ಸಿಕ್ಕರೂ ಮುಂದಿನ ಚಳಿಗಾಲಕ್ಕೆ ಇನ್ನೊಂದು ಭಾಗ ಕೈಕೊಡುತ್ತದೆ. ಹತ್ತು ವರ್ಷದೊಳಗಿನದಾದರೆ ಕಣ್ಣುಮುಚ್ಚಿ ರಿಪೇರಿ ಮಾಡಿಸಿ. ನಡುವಿನದಕ್ಕೆ ಒಂದೇ ಉತ್ತರವಿಲ್ಲ, ಬಟ್ಟಲಿನಲ್ಲಿ ಹಿಡಿದ ನೀರಿನ ಬಣ್ಣ ನೋಡಿ ನಿರ್ಧರಿಸಿ.

ಈ ಕೆಲಸಗಳ ನಡುವೆ ಯಾವಾಗಲಾದರೂ ಗ್ಯಾಸಿನ ವಾಸನೆ ಬಂದರೆ ಕಿಟಕಿ ತೆರೆಯಿರಿ, ಯಾವ ಸ್ವಿಚ್ಚನ್ನೂ ಮುಟ್ಟಬೇಡಿ, ಮೀಟರಿನ ಬಳಿ ಗ್ಯಾಸ್ ಮುಚ್ಚಿ, ಮನೆಯಿಂದ ಹೊರಗೆ ಬಂದು 0800 111 999ಕ್ಕೆ ಕರೆ ಮಾಡಿ. ಬಾಯ್ಲರ್ ಇರುವ ಕೋಣೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇರಲಿ. ಇಂಗ್ಲೆಂಡಿನ ಬಾಡಿಗೆ ಮನೆಗಳಲ್ಲಿ 2022ರ ಅಕ್ಟೋಬರ್‌ನಿಂದ ಅದನ್ನು ಮಾಲೀಕರೇ ಹಾಕಿಸಿಕೊಡಬೇಕು. ನಿಮ್ಮ ಮನೆಯಲ್ಲಿ ಇಲ್ಲದಿದ್ದರೆ ವಾಲ್ವ್‌ನ ದೂರಿನ ಜೊತೆಗೆ ಅದನ್ನೂ ಬರೆಯಿರಿ.